ಓರ್ಕಾ: ರೋಮ್ನಿ ಪ್ರಚಾರಕ್ಕೆ ಮತದಾನದ ದಿನವೇ ಕೈಕೊಟ್ಟ ತಂತ್ರಾಂಶದ ವಿಮರ್ಶೆ

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪ್ರಚಾರ ಮುಗ್ಗರಿಸುತ್ತಿದೆ ಅನ್ನಿಸಿದಾಗ ಎಲ್ಲರೂ ಮೊದಲು ನೋಡುವುದು ಸಮೀಕ್ಷೆಗಳನ್ನು, ಟಿವಿ ಚರ್ಚೆಗಳನ್ನು, ಅಭ್ಯರ್ಥಿ ಬಾಯಿತಪ್ಪಿ ಆಡಿದ ಮಾತುಗಳನ್ನು. 2012ರ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರೋಮ್ನಿ ಅವರ ಪ್ರಚಾರದಲ್ಲಿ ಇವೆಲ್ಲವೂ ಇದ್ದವು. ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ‘ಶೇ 47’ರ ವಿಡಿಯೊ (ಶೇ 47ರಷ್ಟು ಜನ ಸರ್ಕಾರವನ್ನೇ ಅವಲಂಬಿಸಿದವರು ಎಂದು ರೋಮ್ನಿ ಆಡಿದ ಮಾತು), ಅಕ್ಟೋಬರ್ 3ರ ಡೆನ್ವರ್ ಚರ್ಚೆಯಲ್ಲಿ ಸಿಕ್ಕ ಚೇತರಿಕೆ, ಅಕ್ಟೋಬರ್ 29ರಂದು ಅಪ್ಪಳಿಸಿದ ಸ್ಯಾಂಡಿ ಚಂಡಮಾರುತ. ಆದರೆ ಆ ಪ್ರಚಾರದ ಒಳಗಿನ ದೌರ್ಬಲ್ಯ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅದು ಕಟ್ಟಿಸಿಕೊಂಡ ಒಂದು ತಂತ್ರಾಂಶದಲ್ಲಿ. ಹೆಸರು ಓರ್ಕಾ, ಯಾರು ಮತ ಹಾಕಿದರು ಎಂದು ಮತಗಟ್ಟೆಯಿಂದಲೇ ಕೇಂದ್ರಕ್ಕೆ ತಿಳಿಸುವ ವ್ಯವಸ್ಥೆ. ಅದು ನಿಜವಾಗಿ ಬಳಕೆಗೆ ಬಂದದ್ದು ಒಂದೇ ದಿನ, 2012ರ ನವೆಂಬರ್ 6ರ ಮಂಗಳವಾರ.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ಕಲ್ಪನೆಗೆ ಐದಕ್ಕೆ ನಾಲ್ಕು. ಕಟ್ಟಿದ ರೀತಿಗೆ ಎರಡು. ಕಾರ್ಯಕರ್ತರ ಕೈಗೆ ಕೊಟ್ಟ ರೀತಿಗೆ ಸೊನ್ನೆ. ಈ ಕೊನೆಯ ಸೊನ್ನೆಯೇ ಉಳಿದೆರಡು ಅಂಕಗಳನ್ನೂ ನುಂಗಿಹಾಕಿತು. ಓರ್ಕಾ ಬಿದ್ದದ್ದು ಸರ್ವರ್ ಸಾಲದೆ ಎಂದು ಇವತ್ತಿಗೂ ಹಲವರು ಹೇಳುತ್ತಾರೆ. ಸರ್ವರ್ ಸಾಲಲಿಲ್ಲ ಎಂಬುದು ಸರಿ, ಆದರೆ ಅದು ಕಾರಣಗಳ ಪಟ್ಟಿಯಲ್ಲಿ ನಾಲ್ಕನೆಯದೋ ಐದನೆಯದೋ ಆಗುತ್ತದೆ.

ಮಾಡಬೇಕಿದ್ದ ಕೆಲಸ

ನಮ್ಮಲ್ಲಿ ಬೂತ್ ಏಜೆಂಟ್ ಆಗಿ ಕೂತವರಿಗೆ ಈ ಕೆಲಸವನ್ನು ವಿವರಿಸುವ ಅಗತ್ಯವೇ ಇಲ್ಲ. ಮತಗಟ್ಟೆಯೊಳಗೆ ಪಕ್ಷದ ಪ್ರತಿನಿಧಿ ಮತದಾರರ ಪಟ್ಟಿ ಹಿಡಿದು ಕೂರುತ್ತಾನೆ. ಮತದಾರ ಬಂದು ಹೆಸರು ಹೇಳುತ್ತಿದ್ದಂತೆ ಪಟ್ಟಿಯಲ್ಲಿ ಆ ಹೆಸರಿಗೆ ಗೆರೆ ಎಳೆಯುತ್ತಾನೆ. ಅಮೆರಿಕದಲ್ಲಿ ಇದಕ್ಕೆ ಸ್ಟ್ರೈಕ್ ಲಿಸ್ಟ್ ಎನ್ನುತ್ತಾರೆ. ಕೆಲವು ಗಂಟೆಗೊಮ್ಮೆ ಒಬ್ಬ ಬಂದು ಆ ಪಟ್ಟಿಯನ್ನೋ ಅದರ ಪ್ರತಿಯನ್ನೋ ಹತ್ತಿರದ ಪಕ್ಷದ ಕಚೇರಿಗೆ ಒಯ್ಯುತ್ತಾನೆ. ‘ನಮ್ಮವರು’ ಎಂದು ಮೊದಲೇ ಗುರುತಿಸಿಟ್ಟವರಲ್ಲಿ ಇನ್ನೂ ಬಾರದವರು ಯಾರು ಎಂದು ಅಲ್ಲಿ ತೆಗೆದು ಅವರಿಗೆ ಫೋನ್ ಮಾಡುತ್ತಾರೆ, ಮನೆಬಾಗಿಲಿಗೆ ಹೋಗುತ್ತಾರೆ, ಬೇಕಿದ್ದರೆ ಕಾರು ಕಳಿಸುತ್ತಾರೆ. ಕರ್ನಾಟಕದಲ್ಲಿ ಪೇಜ್ ಪ್ರಮುಖರು ಮಧ್ಯಾಹ್ನದ ನಂತರ ಮಾಡುವುದೂ ಇದೇ ಕೆಲಸ.

ಇದರಲ್ಲಿ ಲಾಭ ಎಲ್ಲಿದೆ? ಮನೆಮನೆಗೆ ಹೋಗುವ ಒಬ್ಬ ಕಾರ್ಯಕರ್ತ ಗಂಟೆಗೆ ಹದಿನೈದರಿಂದ ಇಪ್ಪತ್ತು ಬಾಗಿಲು ತಟ್ಟಬಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಪಟ್ಟಿಯಲ್ಲಿರುವ ಅರ್ಧದಷ್ಟು ಜನ ಮತ ಹಾಕಿ ಆಗಿದ್ದರೆ, ಗೆರೆ ಎಳೆಯದ ಪಟ್ಟಿ ಹಿಡಿದು ಹೋದವನ ಅರ್ಧ ಶ್ರಮ ಮತ ಹಾಕಿ ಬಂದವರ ಮನೆ ಮುಂದೆಯೇ ಕಳೆದುಹೋಗುತ್ತದೆ. ಎದುರು ನಿಂತು ಕೇಳಿದರೆ ಜನ ಮತ ಹಾಕಲು ಬರುತ್ತಾರೆ ಎಂಬುದು ಬರೀ ನಂಬಿಕೆಯಲ್ಲ. 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ರಾಜ್ಯಶಾಸ್ತ್ರಜ್ಞರಾದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಮಾಡಿದ ಪ್ರಯೋಗ ಮನೆಬಾಗಿಲ ಭೇಟಿಯ ಪರಿಣಾಮವನ್ನು ಅಳೆದು ತೋರಿಸಿತ್ತು. ವೃತ್ತಿಪರ ಕರೆ ಕೇಂದ್ರಗಳ ಫೋನಿಗೆ ಅಂಥ ಫಲ ಸಿಕ್ಕಿರಲಿಲ್ಲ. ಆದ್ದರಿಂದ ಮತದಾನದ ದಿನ ಯಾವ ಬಾಗಿಲಿಗೆ ಹೋಗಬೇಕು ಎಂಬ ಮಾಹಿತಿಗೆ ನಿಜವಾದ ಬೆಲೆಯಿದೆ.

ಕಾಗದದ ಪದ್ಧತಿಯ ದೋಷ ವಿಳಂಬ. ಓರ್ಕಾ ಅದನ್ನೇ ತೆಗೆದುಹಾಕಬೇಕಿತ್ತು. ಪೈಪೋಟಿಯ ರಾಜ್ಯಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕಾರ್ಯಕರ್ತರು ಮತಗಟ್ಟೆಗಳಲ್ಲಿ ಕೂತು ಸ್ಮಾರ್ಟ್‌ಫೋನಿನಲ್ಲಿ ಗುರುತಿನ ಸಂಖ್ಯೆ ಮತ್ತು ಪಿನ್ ಹಾಕಿ ಒಳಹೊಕ್ಕು, ತಮ್ಮ ಮತಗಟ್ಟೆಯ ಪಟ್ಟಿಯಲ್ಲಿ ಬಂದವರ ಹೆಸರನ್ನು ಗುರುತು ಮಾಡುವುದು. ಮಾಹಿತಿ ತಕ್ಷಣ ಪ್ರಚಾರದ ಕೇಂದ್ರ ಕಚೇರಿಯಿದ್ದ ಬಾಸ್ಟನ್‌ಗೆ ಹೋಗುವುದು. ಅಲ್ಲಿ ಟಿಡಿ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಕೂತ ಎಂಟುನೂರರಷ್ಟು ಜನ ಅದನ್ನು ನೋಡುತ್ತ ಎಲ್ಲಿಗೆ ಕರೆ ಮಾಡಿಸಬೇಕು, ಯಾವ ಜಿಲ್ಲೆಗೆ ಜನ ಕಳಿಸಬೇಕು ಎಂದು ನಿರ್ಧರಿಸುವುದು. ಮತಗಟ್ಟೆಯಲ್ಲಿ ತಕರಾರಾದರೆ ಅದನ್ನು ವರದಿ ಮಾಡುವ ಸೌಲಭ್ಯವೂ ಇತ್ತು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಫೋನ್ ಕರೆ ಮಾಡಿ ಅಂಕೆ ಒತ್ತುವ ವ್ಯವಸ್ಥೆ ಬದಲಿಯಾಗಿತ್ತು.

ಇನ್ನೊಂದು ಉದ್ದೇಶ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದದ್ದು ಅದೇ. ಯಾವ ವಯಸ್ಸಿನ, ಯಾವ ಬಡಾವಣೆಯ, ಯಾವ ಸಮುದಾಯದ ಜನ ನಿಜವಾಗಿ ಬರುತ್ತಿದ್ದಾರೆ ಎಂಬ ಚಿತ್ರ ಮಧ್ಯಾಹ್ನದೊಳಗೆ ಸಿಕ್ಕಿದ್ದರೆ, ತಂಡದ ಒಳಸಮೀಕ್ಷೆಗಳ ಊಹೆ ಸರಿಯೋ ತಪ್ಪೋ ಗೊತ್ತಾಗುತ್ತಿತ್ತು. ರೋಮ್ನಿ ತಂಡದ ಒಳಸಮೀಕ್ಷೆಗಳು ಗೆಲುವು ಕೈಗೆಟಕುವಂತಿದೆ ಎಂದು ತೋರಿಸುತ್ತಿದ್ದವು. ಯುವಕರು, ಕಪ್ಪು ಜನರು, ಲ್ಯಾಟಿನೊ ಮತದಾರರು 2008ರಷ್ಟು ಬರುವುದಿಲ್ಲ ಎಂಬ ಊಹೆ ಅವುಗಳ ತಳದಲ್ಲಿತ್ತು. ಅವರು ಬಂದರು. ಮತಗಟ್ಟೆ ಸಮೀಕ್ಷೆಯ ಪ್ರಕಾರ ಆ ವರ್ಷದ ಮತದಾರರಲ್ಲಿ ಬಿಳಿಯರ ಪಾಲು ಶೇ 72ಕ್ಕೆ ಇಳಿದಿತ್ತು. ಬಾಸ್ಟನ್‌ನಲ್ಲಿ ಕೂತವರಿಗೆ ಅದು ಖಚಿತವಾದದ್ದು ರಾತ್ರಿ ಫಲಿತಾಂಶ ಬರತೊಡಗಿದ ಮೇಲೆ.

ಬೆಳಗ್ಗೆ ಆರಕ್ಕೆ ಕಾರ್ಯಕರ್ತನ ಕೈಯಲ್ಲಿ ಇದ್ದದ್ದು

ಒಂದು ಉಪಕರಣವನ್ನು ಅಳೆಯಬೇಕಾದದ್ದು ಅದನ್ನು ಬಳಸುವವನ ಕಡೆಯಿಂದ. ಓರ್ಕಾದ ಬಳಕೆದಾರ ಬಾಸ್ಟನ್‌ನ ನಿರ್ದೇಶಕ ಅಲ್ಲ. ಓಹಿಯೊದಲ್ಲೋ ಫ್ಲೋರಿಡಾದಲ್ಲೋ ನಸುಕಿಗೆ ಎದ್ದು ಶಾಲೆಯ ಸಭಾಂಗಣಕ್ಕೆ ಹೋದ ಕಾರ್ಯಕರ್ತ. ಬಹುಪಾಲು ಜನ ಇಡೀ ದಿನ ಸಂಬಳವಿಲ್ಲದೆ ದುಡಿಯಲು ಬಂದವರು, ಅನೇಕರು ನಿವೃತ್ತರು. ಅವರ ದಿನ ವ್ಯರ್ಥವಾದದ್ದು ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರದ ಸಂಗತಿ.

ಅವರಿಗೆ ಬಂದ ಕೈಪಿಡಿ ಸುಮಾರು 60 ಪುಟಗಳ ಪಿಡಿಎಫ್. ಅನೇಕರಿಗೆ ಅದು ತಲುಪಿದ್ದು ಮತದಾನದ ಹಿಂದಿನ ರಾತ್ರಿ. ಸೂಚನೆಗಳೂ ಮತದಾರರ ಪಟ್ಟಿಯೂ ಅದರಲ್ಲೇ ಇದ್ದವು, ಮುದ್ರಿಸಿಕೊಳ್ಳುವ ಹೊಣೆ ಕಾರ್ಯಕರ್ತರದ್ದು. ಮನೆಯ ಪ್ರಿಂಟರಿನಲ್ಲಿ ಅರವತ್ತು ಪುಟ ತೆಗೆಯುವುದೆಂದರೆ ಶಾಯಿ, ಕಾಗದ, ಸಮಯ ಮೂರೂ ಬೇಕು, ಅದೂ ಅಂಗಡಿ ಮುಚ್ಚಿದ ಮೇಲೆ. ಕಾಗದದ ಪಟ್ಟಿ ಓರ್ಕಾದ ಕೊನೆಯ ಆಸರೆಯಾಗಬೇಕಿತ್ತು. ಆಸರೆಯೇ ಕೊನೆಯ ರಾತ್ರಿ ಬಂದರೆ ಅದು ಎಷ್ಟು ಜನರ ಕೈಯಲ್ಲಿ ಇರಲು ಸಾಧ್ಯ?

ಎರಡನೆಯದು ಪ್ರಮಾಣಪತ್ರ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪಕ್ಷದ ವೀಕ್ಷಕನಾಗಿ ಮತಗಟ್ಟೆಯೊಳಗೆ ಕೂರಲು ಅಧಿಕೃತ ಪತ್ರ ಬೇಕು. ನಮ್ಮಲ್ಲಿ ಅಭ್ಯರ್ಥಿಯೋ ಚುನಾವಣಾ ಏಜೆಂಟನೋ ಸಹಿ ಹಾಕಿದ ನಮೂನೆ 10 ಇಲ್ಲದೆ ಪೋಲಿಂಗ್ ಏಜೆಂಟ್ ಒಳಗೆ ಕೂರಲಾಗದು, ಹಾಗೆಯೇ. ಜೊತೆಗೆ ಒಯ್ಯಬೇಕಾದ ವಸ್ತುಗಳ ಪಟ್ಟಿಯಲ್ಲಿ ಕುರ್ಚಿ ಇತ್ತು, ಈ ಪತ್ರದ ಹೆಸರಿರಲಿಲ್ಲ. ಪತ್ರವಿಲ್ಲದೆ ಹೋದವರನ್ನು ಅಧಿಕಾರಿಗಳು ಬಾಗಿಲಲ್ಲೇ ವಾಪಸ್ ಕಳಿಸಿದರು. ಪಕ್ಷದ ಕಚೇರಿ ಹುಡುಕಿಕೊಂಡು ಹೋಗಿ ಪತ್ರ ತರುವಷ್ಟರಲ್ಲಿ ಕೆಲಸಕ್ಕೆ ಹೋಗುವ ಮೊದಲು ಮತ ಹಾಕುವ ದೊಡ್ಡ ಗುಂಪು ಬಂದು ಹೋಗಿತ್ತು. ಇದು ಸರ್ವರಿನ ದೋಷವಲ್ಲ, ತಂತ್ರಾಂಶದ ದೋಷವೂ ಅಲ್ಲ. ಕೈಪಿಡಿಯನ್ನು ಒಬ್ಬನೇ ಒಬ್ಬ ಅನುಭವಿ ಬೂತ್ ಕಾರ್ಯಕರ್ತನಿಗೆ ತೋರಿಸಿದ್ದರೆ ಐದು ನಿಮಿಷದಲ್ಲಿ ಸಿಗುತ್ತಿದ್ದ ತಪ್ಪು.

ಮೂರನೆಯದು ಆ್ಯಪ್ ಎಂಬ ಮಾತು. ತರಬೇತಿಯ ಫೋನ್ ಸಭೆಗಳಲ್ಲಿ ಓರ್ಕಾವನ್ನು ಆ್ಯಪ್ ಎಂದೇ ಕರೆದಿದ್ದರು. ಹೀಗಾಗಿ ಜನ ಆ್ಯಪಲ್ ಮತ್ತು ಗೂಗಲ್ ಅಂಗಡಿಗಳಲ್ಲಿ ಅದನ್ನು ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ಅದು ಬ್ರೌಸರ್‌ನಲ್ಲಿ ತೆರೆಯಬೇಕಾದ ಜಾಲಪುಟವಾಗಿತ್ತು. ಹಾಗೆ ಮಾಡಿದ ನಿರ್ಧಾರ ಸರಿಯೇ. ಎಲ್ಲ ಬಗೆಯ ಫೋನಿಗೂ ಒಂದೇ ಪುಟ ಸಾಕು, ಆ್ಯಪ್ ಅಂಗಡಿಯ ಅನುಮತಿಗೆ ಕಾಯಬೇಕಿಲ್ಲ, ಕೊನೆಯ ಗಳಿಗೆಯಲ್ಲಿ ತಿದ್ದಬಹುದು. ಆದರೆ ವಿಳಾಸವನ್ನು ಮೊದಲೇ ತೆರೆದು ನೋಡಲು ಬಿಡಲಿಲ್ಲ. ಪುಟ ಜೀವಂತವಾದದ್ದು ಮತದಾನದ ದಿನ ಬೆಳಗ್ಗೆ. ಒಂದು ವಾರ ಮೊದಲು ಸುಳ್ಳು ಹೆಸರುಗಳ ಅಭ್ಯಾಸ ಪಟ್ಟಿಯೊಂದನ್ನು ಇಟ್ಟು ‘ಇದನ್ನು ತೆರೆದು ಹತ್ತು ಹೆಸರು ಗುರುತು ಮಾಡಿ’ ಎಂದಿದ್ದರೆ ಮುಂದೆ ಹೇಳುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಅವತ್ತೇ ಬಯಲಾಗುತ್ತಿದ್ದವು.

ನಾಲ್ಕನೆಯದಂತೂ ತಂತ್ರಾಂಶ ಕಟ್ಟುವ ಯಾರಿಗೇ ಆದರೂ ನೋವಾಗುವ ತಪ್ಪು. ಪುಟ ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ತೆರೆಯುತ್ತಿತ್ತು, ಎಂದರೆ ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿಎಸ್ ಇರಬೇಕು. ಕೊನೆಯ ಎಸ್ ಬಿಟ್ಟು ಟೈಪ್ ಮಾಡಿದರೆ, ಅಥವಾ ಬ್ರೌಸರ್ ತಾನೇ ಎಸ್ ಇಲ್ಲದ ವಿಳಾಸಕ್ಕೆ ಹೋದರೆ (2012ರ ಫೋನುಗಳು ಮಾಡುತ್ತಿದ್ದದ್ದು ಹಾಗೆಯೇ) ಪುಟ ಬರುತ್ತಲೇ ಇರಲಿಲ್ಲ. ಸಾಮಾನ್ಯ ವಿಳಾಸಕ್ಕೆ ಬಂದವರನ್ನು ಸುರಕ್ಷಿತ ವಿಳಾಸಕ್ಕೆ ತಾನಾಗಿ ಕಳಿಸುವ ಏರ್ಪಾಡು ಇರಲಿಲ್ಲ. ವೆಬ್ ಸರ್ವರಿನ ಸಂರಚನೆಯಲ್ಲಿ ಒಂದೆರಡು ಸಾಲಿನ ಕೆಲಸ ಅದು. ಅದಿಲ್ಲದೆ ಕಾರ್ಯಕರ್ತರು ‘ಸರ್ವರ್ ಬಿದ್ದಿದೆ’ ಎಂದುಕೊಂಡು ಸಹಾಯವಾಣಿಗೆ ಕರೆ ಮಾಡಿದರು. ಸಹಾಯವಾಣಿ ತುಂಬಿಹೋಯಿತು. ನಿಜವಾದ ತೊಂದರೆಯಲ್ಲಿದ್ದವರಿಗೂ ಆಮೇಲೆ ಉತ್ತರ ಸಿಗಲಿಲ್ಲ.

ಪಿನ್ ವಿಚಾರವೂ ಹಾಗೆಯೇ. ಹಂಚಿದ್ದ ಪಿನ್‌ಗಳಲ್ಲಿ ಅನೇಕವು ತಪ್ಪಾಗಿದ್ದವು. ಕೊಲರಾಡೊದಂಥ ಪೈಪೋಟಿಯ ರಾಜ್ಯದಿಂದಲೂ ಪಿನ್ ಕೆಲಸ ಮಾಡುತ್ತಿಲ್ಲ ಎಂಬ ದೂರು ಬಂತು. ಹೊಸ ಪಿನ್ ಪಡೆಯುವ ದಾರಿಯೂ ಸರಿಯಿರಲಿಲ್ಲ. ಬದಲಿಯಾಗಿದ್ದ ಫೋನ್ ವ್ಯವಸ್ಥೆಗೂ ಪಿನ್ ಬೇಕಿತ್ತು ಎಂಬುದು ಇಲ್ಲಿನ ದೊಡ್ಡ ದೋಷ. ಮುಖ್ಯ ದಾರಿಯನ್ನೂ ಬದಲಿ ದಾರಿಯನ್ನೂ ಒಂದೇ ಬೀಗ ಕಾಯುತ್ತಿದ್ದರೆ ಬೀಗ ಕೆಟ್ಟ ದಿನ ಎರಡೂ ಮುಚ್ಚುತ್ತವೆ.

ಸರ್ವರ್ ಲೆಕ್ಕ

ಆಗ ವರದಿಯಾದ ಪ್ರಕಾರ ಓರ್ಕಾದ ಹಿಂದೆ ಹನ್ನೊಂದು ಡೇಟಾಬೇಸ್ ಸರ್ವರ್‌ಗಳಿದ್ದವು. ಮುಂದೆ ಇದ್ದದ್ದು ಒಂದು ವೆಬ್ ಸರ್ವರ್, ಒಂದು ಅಪ್ಲಿಕೇಶನ್ ಸರ್ವರ್. ಈ ಆಕಾರವೇ ಕಟ್ಟಿದವರ ಆಲೋಚನೆಯನ್ನು ಹೇಳುತ್ತದೆ. ಮಾಹಿತಿ ಸಂಗ್ರಹಕ್ಕೆ, ವಿಶ್ಲೇಷಣೆಗೆ, ಬಾಸ್ಟನ್‌ನ ಪರದೆಗಳಿಗೆ ಧಾರಾಳ ಜಾಗ. ಒಳಗೆ ಬರುವವರಿಗೆ ಒಂದೇ ಬಾಗಿಲು.

ಭಾರ ಎಷ್ಟಿರಬಹುದಿತ್ತು ಎಂದು ಲೆಕ್ಕ ಹಾಕಿ ನೋಡೋಣ. ಮೂವತ್ತು ಸಾವಿರ ಜನ ಅರ್ಧ ಗಂಟೆಯೊಳಗೆ ಲಾಗಿನ್ ಆದರು ಎಂದುಕೊಂಡರೆ ಸೆಕೆಂಡಿಗೆ ಸರಾಸರಿ 17 ಲಾಗಿನ್. 2012ರ ಮಟ್ಟಕ್ಕೂ ಇದು ಭಯಪಡುವಂಥ ಸಂಖ್ಯೆಯಲ್ಲ. ಆದರೆ ಪ್ರತಿ ಲಾಗಿನ್ ಜೊತೆ ಇಡೀ ಮತಗಟ್ಟೆಯ ಪಟ್ಟಿ ಇಳಿಯಬೇಕು, ಅದು ಈ ಪುಟದ ಅತ್ಯಂತ ಭಾರವಾದ ಕೋರಿಕೆ. ಮೊದಲ ಪ್ರಯತ್ನ ಸೋತವನು ಸುಮ್ಮನಿರುವುದಿಲ್ಲ, ಐದು ಸಲ ಒತ್ತುತ್ತಾನೆ. 17 ಎಂಬುದು 85 ಆಗುತ್ತದೆ. ಪೂರ್ವದ ರಾಜ್ಯಗಳ ಮತಗಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆರೆಯುವುದರಿಂದ ಭಾರ ಹಂಚಿಹೋಗುವುದೂ ಇಲ್ಲ. ಕಾರ್ಯಕರ್ತರನ್ನು ಹಿಂದಿನ ಸಂಜೆಯೇ ಲಾಗಿನ್ ಮಾಡಿಸಿ ಪಟ್ಟಿಯನ್ನು ಫೋನಿನಲ್ಲಿ ಉಳಿಸಿಕೊಳ್ಳುವಂತೆ ಮಾಡಿದ್ದರೆ ಬೆಳಗಿನ ನೂಕುನುಗ್ಗಲೇ ಇರುತ್ತಿರಲಿಲ್ಲ.

ಬಾಸ್ಟನ್‌ನಲ್ಲಿ ಇನ್ನೊಂದು ಹೊಡೆತ ಬಿತ್ತು. ಓರ್ಕಾವನ್ನು ಪ್ರಚಾರ ಕಚೇರಿಯಿಂದ ಪರೀಕ್ಷಿಸಿದ್ದರು. ಟಿಡಿ ಗಾರ್ಡನ್‌ನ ಜಾಲದಲ್ಲಿ, ಅಷ್ಟೂ ಜನರನ್ನು ಕೂರಿಸಿ, ಪೂರ್ತಿ ಭಾರದಲ್ಲಿ ಪರೀಕ್ಷಿಸಿರಲಿಲ್ಲ. ಮತದಾನದ ದಿನ ಏಕಾಏಕಿ ಏರಿದ ದಟ್ಟಣೆಯನ್ನು ದಾಳಿ ಎಂದು ತಪ್ಪು ತಿಳಿದು ಇಂಟರ್‌ನೆಟ್ ಸಂಪರ್ಕವನ್ನೇ ಕೆಲಹೊತ್ತು ಕಡಿದರು ಎಂದೂ ವರದಿಯಾಯಿತು. ದೊಡ್ಡ ದಟ್ಟಣೆ ಬರುವ ದಿನ ಇದ್ದರೆ ಸಂಪರ್ಕ ಒದಗಿಸುವವರಿಗೆ ದಿನಾಂಕ, ಗಂಟೆ, ಅಂದಾಜು ಪ್ರಮಾಣ ಮೊದಲೇ ಬರೆದು ತಿಳಿಸುವುದು ರೂಢಿ.

ಪ್ರಚಾರದ ಡಿಜಿಟಲ್ ನಿರ್ದೇಶಕ ಝಾಕ್ ಮಾಫಟ್ ಆಮೇಲೆ ಕೊಟ್ಟ ಅಂಕಿಗಳನ್ನೂ ಹೇಳಬೇಕು. ಅವರ ಪ್ರಕಾರ ಓರ್ಕಾ ಪೂರ್ತಿ ಸತ್ತಿರಲಿಲ್ಲ. ಸುಮಾರು 1.43 ಕೋಟಿ ಮತದಾರರು ಮತ ಹಾಕಿದ್ದು ಅದರಲ್ಲಿ ದಾಖಲಾಯಿತು, ಮತಗಟ್ಟೆಯ ತಕರಾರುಗಳ ಐದು ಸಾವಿರಕ್ಕೂ ಹೆಚ್ಚು ವರದಿಗಳು ಬಂದವು. ಈ ಅಂಕಿಯನ್ನು ಹಾಗೇ ಒಪ್ಪಿಕೊಂಡರೂ ಪ್ರಶ್ನೆ ಉಳಿಯುತ್ತದೆ. ಸಂಜೆ ಆರಕ್ಕೆ ಬಂದ ಗುರುತಿಗೂ ಬೆಳಗ್ಗೆ ಹತ್ತಕ್ಕೆ ಬಂದ ಗುರುತಿಗೂ ಬೆಲೆ ಒಂದೇ ಅಲ್ಲ. ಕೆಲವು ಮತಗಟ್ಟೆಗಳಿಂದ ಪೂರ್ತಿ, ಕೆಲವದರಿಂದ ಅರೆಬರೆ, ಕೆಲವದರಿಂದ ಸೊನ್ನೆ ಬಂದಾಗ, ಗುರುತಿಲ್ಲದ ಹೆಸರು ಮತ ಹಾಕದವನದ್ದೋ ಪಿನ್ ಸಿಗದ ಕಾರ್ಯಕರ್ತನ ಮತಗಟ್ಟೆಯದ್ದೋ ಎಂದು ತಿಳಿಯುವುದಿಲ್ಲ. ಅಂಥ ಪಟ್ಟಿ ನಂಬಿ ಫೋನ್ ಮಾಡಿದರೆ ಕಾಗದದ ಕಾಲದ ಹಳೆಯ ವ್ಯರ್ಥವೇ ಮತ್ತೆ.

ತಕರಾರು ವರದಿಯ ಭಾಗವನ್ನು ಮಾತ್ರ ಮೆಚ್ಚಲೇಬೇಕು. ಉದ್ದನೆಯ ಸಾಲು, ಕೆಟ್ಟ ಯಂತ್ರ, ವೀಕ್ಷಕರನ್ನು ಹೊರಗಿಟ್ಟದ್ದು ಇವೆಲ್ಲ ವಕೀಲರ ತಂಡಕ್ಕೆ ಒಂದೇ ಕಡೆ ಸೇರುವುದು ಉಪಯುಕ್ತ. ಅದಕ್ಕೆ ಎಲ್ಲ ಮತಗಟ್ಟೆಗಳಿಂದಲೂ ಮಾಹಿತಿ ಬರಬೇಕೆಂಬ ನಿಯಮವಿಲ್ಲ, ಬಂದಷ್ಟು ಲಾಭ.

ಎದುರಾಳಿಯ ಬಳಿ ಇದ್ದದ್ದು

ಓರ್ಕಾ ಎಂಬ ಹೆಸರನ್ನು ಆರಿಸಿದ್ದೇ ಒಬಾಮ ಪ್ರಚಾರದ ನಾರ್ವಾಲ್ ಯೋಜನೆಯನ್ನು ಮನಸ್ಸಿನಲ್ಲಿಟ್ಟು. ಓರ್ಕಾ ತಿಮಿಂಗಿಲ ನಾರ್ವಾಲ್‌ಗಳನ್ನು ಬೇಟೆಯಾಡುತ್ತದೆ. ಆದರೆ ಎರಡೂ ಒಂದೇ ಬಗೆಯ ವಸ್ತುಗಳಲ್ಲ. ನಾರ್ವಾಲ್ ಮತದಾನದ ದಿನದ ಉಪಕರಣ ಆಗಿರಲಿಲ್ಲ. ದೇಣಿಗೆ, ಮತದಾರರ ಪಟ್ಟಿ, ಕಾರ್ಯಕರ್ತರ ವಿವರ, ಇಮೇಲ್ ಹೀಗೆ ಬೇರೆಬೇರೆ ಕಡೆ ಬಿದ್ದಿದ್ದ ಮಾಹಿತಿಯನ್ನು ಒಂದಕ್ಕೊಂದು ಜೋಡಿಸುವ ಅಡಿಪಾಯ ಅದು. ಅದರ ಮೇಲೆ ಕಾರ್ಯಕರ್ತರ ಡ್ಯಾಶ್‌ಬೋರ್ಡ್ ಮುಂತಾದ ಉಪಕರಣಗಳು ತಿಂಗಳುಗಟ್ಟಲೆ ನಿತ್ಯ ಬಳಕೆಯಲ್ಲಿದ್ದವು. ಷಿಕಾಗೊದ ಕಚೇರಿಯಲ್ಲಿ ಹಾರ್ಪರ್ ರೀಡ್ ಮುಂದಾಳತ್ವದ ಎಂಜಿನಿಯರ್‌ಗಳ ತಂಡ ಪ್ರಚಾರದ ಸಂಬಳದಲ್ಲೇ ಕೂತಿತ್ತು. ಓರ್ಕಾ ಹೊರಗಿನ ಕಂಪನಿಗಳಿಂದ ಕಟ್ಟಿಸಿದ್ದು. ಹೊರಗಿನವರು ಕೆಟ್ಟದಾಗಿ ಕಟ್ಟುತ್ತಾರೆ ಎಂದಲ್ಲ. ಮತಗಟ್ಟೆಯ ಪ್ರಮಾಣಪತ್ರದ ವಿಷಯ ಅವರಿಗೆ ಯಾರಾದರೂ ಹೇಳಬೇಕಲ್ಲ?

ಒಬಾಮ ತಂಡವೂ ಇದೇ ಪೆಟ್ಟನ್ನು ಮೊದಲು ತಿಂದಿತ್ತು. 2008ರಲ್ಲಿ ಅವರ ಮತದಾನ ದಿನದ ವ್ಯವಸ್ಥೆಯ ಹೆಸರು ಹೂಡಿನಿ. ಪ್ರತಿ ಮತದಾರನಿಗೂ ಒಂದು ಸಂಖ್ಯೆ, ಮತಗಟ್ಟೆಯಲ್ಲಿ ಕೂತವರು ಫೋನ್ ಮಾಡಿ ಆ ಸಂಖ್ಯೆ ಒತ್ತಬೇಕು. ಬೆಳಗಿನ ಭಾರಕ್ಕೇ ಅದು ಕುಸಿಯಿತು, ಮತ್ತೆ ಕಾಗದಕ್ಕೆ ಇಳಿದರು. 2012ಕ್ಕೆ ಅದರ ಜಾಗದಲ್ಲಿ ಗೋರ್ಡನ್ ಎಂಬ ಹೊಸ ವ್ಯವಸ್ಥೆ ಕಟ್ಟಿದರು. ಅದಕ್ಕಿಂತ ಮುಖ್ಯವಾಗಿ ಅಕ್ಟೋಬರ್‌ನಲ್ಲಿ ಇಡೀ ತಂಡವನ್ನು ಕೂರಿಸಿ ಬೇಕೆಂದೇ ಒಂದೊಂದು ಭಾಗವನ್ನು ಕೆಡಿಸಿ ಅಭ್ಯಾಸ ಮಾಡಿದರು. ಡೇಟಾಬೇಸ್ ಸತ್ತರೆ ಯಾರು ಏನು ಮಾಡಬೇಕು, ಎಷ್ಟು ಹೊತ್ತಿನಲ್ಲಿ, ಯಾರಿಗೆ ಹೇಳಬೇಕು ಎಂಬುದು ಬರಹದಲ್ಲಿತ್ತು. ಸ್ಯಾಂಡಿ ಚಂಡಮಾರುತ ಪೂರ್ವ ಕರಾವಳಿಯ ಡೇಟಾ ಕೇಂದ್ರಗಳನ್ನು ಬೆದರಿಸಿದಾಗ ಅಮೆಜಾನ್ ಕ್ಲೌಡ್‌ನಲ್ಲಿದ್ದ ತಮ್ಮ ವ್ಯವಸ್ಥೆಯ ಪ್ರತಿಯನ್ನು ಪಶ್ಚಿಮ ಕರಾವಳಿಯಲ್ಲಿ ಎಬ್ಬಿಸಿ ನಿಲ್ಲಿಸಲು ಅವರಿಗೆ ಸಾಧ್ಯವಾದದ್ದು ಈ ಅಭ್ಯಾಸದಿಂದ.

ರೋಮ್ನಿ ತಂಡಕ್ಕೆ ಸಮಯ ಸಿಕ್ಕಿರಲಿಲ್ಲ ಎಂಬುದು ನಿಜ, ಅದನ್ನು ಹೇಳದಿದ್ದರೆ ವಿಮರ್ಶೆ ಅನ್ಯಾಯವಾಗುತ್ತದೆ. ಅಧಿಕಾರದಲ್ಲಿರುವ ಅಧ್ಯಕ್ಷನಿಗೆ ಪಕ್ಷದೊಳಗೆ ಸ್ಪರ್ಧೆ ಇರಲಿಲ್ಲ, 2011ರಿಂದಲೇ ಕಟ್ಟತೊಡಗಬಹುದಿತ್ತು. ರೋಮ್ನಿ ಅವರಿಗೆ ರಿಕ್ ಸ್ಯಾಂಟೋರಮ್ ಹಿಂದೆ ಸರಿದ ಏಪ್ರಿಲ್ 10ರವರೆಗೂ ಪಕ್ಷದೊಳಗಿನ ಹೋರಾಟವೇ ಮುಗಿಯಲಿಲ್ಲ. ಹಣದ ಕಟ್ಟುಪಾಡು ಇನ್ನೂ ಬಿಗಿ. ಅಮೆರಿಕದ ಕಾನೂನಿನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗೂ ಸಾರ್ವತ್ರಿಕ ಚುನಾವಣೆಗೂ ದೇಣಿಗೆ ಬೇರೆಬೇರೆ. ಆಗ ಒಬ್ಬ ವ್ಯಕ್ತಿಗೆ ಒಂದೊಂದಕ್ಕೆ 2,500 ಡಾಲರ್ ಮಿತಿ. ಎರಡನೆಯ ಖಾತೆಯ ಹಣವನ್ನು ಪಕ್ಷದ ಅಧಿವೇಶನದಲ್ಲಿ ಅಭ್ಯರ್ಥಿಯೆಂದು ನಾಮನಿರ್ದೇಶನ ಆಗುವವರೆಗೆ ಮುಟ್ಟುವಂತಿಲ್ಲ. ಆಗಸ್ಟ್ ಕೊನೆಯ ಟ್ಯಾಂಪಾ ಅಧಿವೇಶನದವರೆಗೆ ಖಾತೆಯಲ್ಲಿ ಹಣವಿದ್ದೂ ಖರ್ಚು ಮಾಡಲಾಗದೆ ಪ್ರಚಾರ 2 ಕೋಟಿ ಡಾಲರ್ ಸಾಲ ಎತ್ತಬೇಕಾಯಿತು. ಮತ್ತೊಂದೆಡೆ ಒಬಾಮ ಪ್ರಚಾರದ ಕ್ಷೇತ್ರ ಕಚೇರಿಗಳು ಎಂಟುನೂರರ ಹತ್ತಿರ, ರೋಮ್ನಿ ಅವರದ್ದು ಮುನ್ನೂರರೊಳಗೆ. ಸ್ಥಳೀಯ ಕಚೇರಿ ಕಡಿಮೆ ಇದ್ದವರಿಗೆ ಎಲ್ಲವನ್ನೂ ಬಾಸ್ಟನ್‌ನಿಂದ ನಡೆಸುವ ಉಪಕರಣ ಆಕರ್ಷಕವಾಗಿ ಕಂಡಿರಬೇಕು. ಆದರೆ ಬಾಗಿಲು ತಟ್ಟುವವರು ಇರುವುದು ಸ್ಥಳೀಯ ಕಚೇರಿಯಲ್ಲಿ. ಮತಗಟ್ಟೆಯ ಮಾಹಿತಿ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಕೇಂದ್ರಕ್ಕೆ ಪ್ರತಿ ಹೋಗಬೇಕಿತ್ತು. ಓರ್ಕಾದಲ್ಲಿ ದಾರಿ ತಿರುಗುಮುರುಗಾಗಿತ್ತು. ಬಾಸ್ಟನ್‌ಗೆ ಕಾಣದಿದ್ದರೆ ಕ್ಷೇತ್ರದಲ್ಲೂ ಕತ್ತಲೆ.

ಇನ್ನೊಂದು ಮಿತಿ ಮತದಾನದ ಪದ್ಧತಿಯಲ್ಲೇ ಇತ್ತು. 2012ರ ಹೊತ್ತಿಗೆ ಅಮೆರಿಕದ ಮತಗಳಲ್ಲಿ ಮೂರನೇ ಒಂದರಷ್ಟು ಮತದಾನದ ದಿನಕ್ಕೆ ಮೊದಲೇ ಅಥವಾ ಅಂಚೆಯಲ್ಲಿ ಬಿದ್ದುಬಿಡುತ್ತಿದ್ದವು. ಕೊಲರಾಡೊ, ನೆವಾಡಾಗಳಲ್ಲಿ ಬಹುಪಾಲು ಮತ ಹಾಗೆ ಬಂದದ್ದು. ಮುಂಚಿತ ಮತ ಹಾಕಿದವರ ಹೆಸರನ್ನು ಚುನಾವಣಾ ಕಚೇರಿಗಳೇ ಆಗಾಗ ಪ್ರಕಟಿಸುತ್ತವೆ, ಅದಕ್ಕೆ ಮತಗಟ್ಟೆಯಲ್ಲಿ ಯಾರನ್ನೂ ಕೂರಿಸಬೇಕಿಲ್ಲ. ಆ ರಾಜ್ಯಗಳಲ್ಲಿ ನಿಜವಾದ ಕೆಲಸ ಅಕ್ಟೋಬರ್‌ನದ್ದು.

ಓರ್ಕಾ ಸರಿಯಿದ್ದರೆ ಗೆಲ್ಲುತ್ತಿದ್ದರೇ

ಇಲ್ಲ. ಅಧ್ಯಕ್ಷರನ್ನು ನಿರ್ಧರಿಸುವುದು ರಾಜ್ಯವಾರು ಹಂಚಿದ ಎಲೆಕ್ಟೋರಲ್ ಮತಗಳು, ಗೆಲ್ಲಲು 270 ಬೇಕು. ಫಲಿತಾಂಶ ಒಬಾಮ ಅವರಿಗೆ 332, ರೋಮ್ನಿ ಅವರಿಗೆ 206. ರೋಮ್ನಿ 270 ಮುಟ್ಟಲು ಫ್ಲೋರಿಡಾದ 29, ಓಹಿಯೊದ 18, ವರ್ಜೀನಿಯಾದ 13, ಜೊತೆಗೆ ನ್ಯೂ ಹ್ಯಾಂಪ್‌ಶೈರ್‌ನ 4 ಬೇಕಿತ್ತು. ಇವುಗಳಲ್ಲಿ ಸೋಲಿನ ಅಂತರ ಕ್ರಮವಾಗಿ ಸುಮಾರು 74 ಸಾವಿರ, 1.66 ಲಕ್ಷ, 1.49 ಲಕ್ಷ, 40 ಸಾವಿರ. ಒಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು. ಒಂದೇ ಮಧ್ಯಾಹ್ನದ ಫೋನ್ ಕರೆಗಳಿಂದ ನಾಲ್ಕೂ ರಾಜ್ಯಗಳಲ್ಲಿ ಏಕಕಾಲಕ್ಕೆ ಇಷ್ಟು ಹೊಸ ಮತ ಹುಟ್ಟುವುದಿಲ್ಲ. ಶೇ 0.9ರಷ್ಟು ಅಂತರವಿದ್ದ ಫ್ಲೋರಿಡಾ ಒಂದನ್ನು ಇನ್ನಷ್ಟು ಹತ್ತಿರಕ್ಕೆ ತರಬಹುದಿತ್ತು, ಅಷ್ಟೇ. ಸೋಲಿಗೆ ಓರ್ಕಾ ಕಾರಣ ಎನ್ನುವವರು ಪ್ರಚಾರದ ದೊಡ್ಡ ದೌರ್ಬಲ್ಯಗಳನ್ನು ಒಂದು ಸರ್ವರಿನ ತಲೆಗೆ ಕಟ್ಟುತ್ತಿದ್ದಾರೆ. ಅದು ಕೆಳಹಂತದ ಕಾರ್ಯಕರ್ತರಿಗೂ ಎಂಜಿನಿಯರ್‌ಗಳಿಗೂ ಮಾಡುವ ಅನ್ಯಾಯ.

ಕಾರಣ ಅಲ್ಲದಿದ್ದರೂ ಓರ್ಕಾ ಲಕ್ಷಣವಂತೂ ಹೌದು. ಅದರಲ್ಲಿ ಕಾಣುವ ಅಭ್ಯಾಸಗಳು ಆ ಪ್ರಚಾರದ ಉಳಿದ ಕಡೆಯೂ ಕಾಣುತ್ತವೆ. ಟಿವಿ ಜಾಹೀರಾತನ್ನೇ ತೆಗೆದುಕೊಳ್ಳಿ. ಒಬಾಮ ತಂಡ ಬಹಳ ಮೊದಲೇ ಸಮಯ ಕಾಯ್ದಿರಿಸಿ, ಸೆಟ್‌ಟಾಪ್ ಪೆಟ್ಟಿಗೆಗಳ ಮಾಹಿತಿ ನೋಡಿ ಕಡಿಮೆ ದರದ ಹೊತ್ತುಗಳನ್ನು ಹುಡುಕಿ ಕೊಂಡಿತು. ರೋಮ್ನಿ ತಂಡ ಕೊನೆಗಳಿಗೆಯಲ್ಲಿ ಕೊಂಡು ಅದೇ ಬಗೆಯ ಸಮಯಕ್ಕೆ ಹೆಚ್ಚು ಬೆಲೆ ತೆತ್ತಿತು. ತಡವಾಗಿ ತೊಡಗುವುದು, ಕೇಂದ್ರದಲ್ಲೇ ಎಲ್ಲವನ್ನೂ ಹಿಡಿದುಕೊಳ್ಳುವುದು, ಕ್ಷೇತ್ರದವರಿಂದ ಗುಟ್ಟು ಮಾಡುವುದು, ತಮ್ಮ ಊಹೆಯನ್ನು ತಾವೇ ಪರೀಕ್ಷಿಸದಿರುವುದು. 2013ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಪಕ್ಷವೇ ಹೊರತಂದ ಆತ್ಮಪರಿಶೀಲನೆಯ ವರದಿ ದತ್ತಾಂಶ ಮತ್ತು ಪರೀಕ್ಷಿಸಿ ನೋಡುವ ಸಂಸ್ಕೃತಿಯ ಕೊರತೆಯನ್ನು ಒಪ್ಪಿಕೊಂಡಿತ್ತು.

ಇಂಥದ್ದನ್ನು ಕೊಳ್ಳುವವರು ನೋಡಬೇಕಾದದ್ದು

ಇದೆಲ್ಲ 2012ರ ಹಳೆಯ ಕತೆ ಎನ್ನುವಂತಿಲ್ಲ. 2020ರ ಫೆಬ್ರುವರಿ 3ರಂದು ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಕಾಕಸ್ (ಅಧ್ಯಕ್ಷ ಅಭ್ಯರ್ಥಿಯ ಆಯ್ಕೆಗೆ ಪಕ್ಷದವರು ಊರೂರಲ್ಲಿ ಸೇರುವ ಸಭೆ) ಫಲಿತಾಂಶ ಸಂಗ್ರಹಿಸಲು ಶ್ಯಾಡೊ ಎಂಬ ಕಂಪನಿಯ ಆ್ಯಪ್ ಬಳಸಿತು. 1,600ಕ್ಕೂ ಹೆಚ್ಚು ಕಡೆ ಸಭೆ ನಡೆದವು. ಆ್ಯಪ್ ಸಾಮಾನ್ಯ ಅಂಗಡಿಯಲ್ಲಿ ಸಿಗಲಿಲ್ಲ, ಪರೀಕ್ಷಾ ಆವೃತ್ತಿಗಳನ್ನು ಹಂಚುವ ದಾರಿಯಲ್ಲಿ ಇಳಿಸಿಕೊಳ್ಳಬೇಕಿತ್ತು. ಪಿನ್ ಗೊಂದಲ ಮತ್ತೆ. ಲಾಗಿನ್ ಆಗಲಾರದವರೆಲ್ಲ ಫೋನ್ ಹಿಡಿದರು, ಸಾಲು ತುಂಬಿ ಗಂಟೆಗಟ್ಟಲೆ ಕಾದರು. ಮಾಹಿತಿ ಅರೆಬರೆ ರವಾನೆಯಾಗುವ ದೋಷವೂ ಹೊರಬಿತ್ತು. ಫಲಿತಾಂಶ ದಿನಗಟ್ಟಲೆ ತಡವಾಯಿತು. ಅಲ್ಲಿ ಎಣಿಕೆಯನ್ನು ಉಳಿಸಿದ್ದು ಪ್ರತಿ ಸಭೆಯಲ್ಲೂ ಬರೆದಿಟ್ಟ ಕಾಗದದ ದಾಖಲೆ.

ಕರ್ನಾಟಕದಲ್ಲೂ ಪಕ್ಷಗಳು, ಅಭ್ಯರ್ಥಿಗಳು ಈಗ ಬೂತ್ ಆ್ಯಪ್‌ಗಳನ್ನು ಕೊಳ್ಳುತ್ತಾರೆ, ಮಾಡಿಸುತ್ತಾರೆ. ಮಾರುವವನು ತೋರಿಸುವ ಬಣ್ಣದ ನಕ್ಷೆಗಿಂತ ಮೊದಲು ಕೆಲವು ಪ್ರಶ್ನೆ ಕೇಳಿ. ನಮ್ಮಲ್ಲಿ ಮತಗಟ್ಟೆಯ 100 ಮೀಟರ್ ಒಳಗೆ ಮೊಬೈಲ್ ಬಳಸುವಂತಿಲ್ಲ. ಹಾಗಿದ್ದರೆ ಗುರುತು ಮಾಡುವವನು ಯಾರು? ಒಳಗಿನ ಏಜೆಂಟ್ ಕಾಗದದಲ್ಲಿ ಕ್ರಮಸಂಖ್ಯೆ ಟಿಕ್ ಮಾಡುತ್ತಾನೆ, ಚೀಟಿ ಹೊರಬರುತ್ತದೆ, 100 ಮೀಟರ್ ಆಚೆ ಪಕ್ಷದ ಮೇಜಿನ ಬಳಿ ಕೂತವನು ಫೋನಿಗೆ ಹಾಕುತ್ತಾನೆ. ಆ್ಯಪ್ ಈ ಮೂರು ಕೈಗಳ ದಾರಿಗೆ ಹೊಂದಬೇಕು. ಹೆಸರಿನಿಂದ ಹುಡುಕುವುದಕ್ಕಿಂತ ಭಾಗ ಸಂಖ್ಯೆ ಮತ್ತು ಕ್ರಮಸಂಖ್ಯೆಯಿಂದ ಸಾಲಾಗಿ ಹಾಕುವಂತಿದ್ದರೆ ಒಂದು ಚೀಟಿಯ ಐವತ್ತು ಸಂಖ್ಯೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಉಳಿದು, ಸಿಕ್ಕಾಗ ತಾನಾಗಿ ಹೋಗುತ್ತದೆಯೇ ಎಂದು ಮಲೆನಾಡಿನ ಒಂದು ಮತಗಟ್ಟೆಯಲ್ಲಿ ನಿಂತು ನೋಡಿ. ಒಂದೇ ಸಂಖ್ಯೆಯನ್ನು ಇಬ್ಬರು ಹಾಕಿದರೆ ಎರಡು ಸಲ ಎಣಿಸುತ್ತದೆಯೇ ನೋಡಿ. ಪಿನ್ ಮರೆತವನಿಗೆ ಕಚೇರಿಯವರು ಫೋನಿನಲ್ಲೇ ಒಂದು ನಿಮಿಷದಲ್ಲಿ ಹೊಸದು ಕೊಡಬಲ್ಲರೇ ಕೇಳಿ. ‘ಮಾಹಿತಿ ಬಂದಿಲ್ಲ’ ಮತ್ತು ‘ಮತ ಹಾಕಿಲ್ಲ’ ಎರಡನ್ನೂ ಪರದೆ ಬೇರೆಬೇರೆ ಬಣ್ಣದಲ್ಲಿ ತೋರಿಸದಿದ್ದರೆ ಕೊಳ್ಳಲೇಬೇಡಿ. ಇಡೀ ಕ್ಷೇತ್ರದ ಏಜೆಂಟರನ್ನು ಮತದಾನಕ್ಕೆ ಹತ್ತು ದಿನ ಮೊದಲು ಒಂದು ಭಾನುವಾರ ಬೆಳಗ್ಗೆ ಏಳಕ್ಕೆ ಒಟ್ಟಿಗೆ ಲಾಗಿನ್ ಮಾಡಿಸಿ, ಆ ಗಂಟೆಯ ಮಧ್ಯದಲ್ಲಿ ಮಾರುವವನಿಗೆ ಹೇಳದೆ ಸರ್ವರ್ ನಿಲ್ಲಿಸಿಸಿ. ಆಗ ಎಷ್ಟು ಮಂದಿ ತಾವಾಗಿ ಕಾಗದಕ್ಕೆ ಬದಲಾದರು, ಆ ಚೀಟಿ ಎಷ್ಟು ಹೊತ್ತಿನಲ್ಲಿ ಕಚೇರಿ ತಲುಪಿತು ಎಂದು ಬರೆದುಕೊಳ್ಳಿ. ನಮೂನೆ 10ರ ಪ್ರತಿ ಎಲ್ಲರ ಕೈಯಲ್ಲಿದೆಯೇ ಎಂಬುದನ್ನೂ ಅದೇ ಭಾನುವಾರ ಎಣಿಸಿಬಿಡಬಹುದು.